ಲೀಡ್ ಸಾಹೇಬರ ಲ್ಯಾಪ್‌ಟಾಪಿನಲ್ಲಿ ಉಳಿದ ಸಾಲು

ನನ್ನ ಕೆಲಸ ಏನೆಂದು ನಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರಾದರೂ ಕೇಳಿದರೆ ಹೋಟೆಲಿನ ಟೇಬಲ್ ತೋರಿಸುತ್ತಿದ್ದೆ. ಒಬ್ಬರು ಎದ್ದು ಹೋದ ಮೇಲೆ ಟೇಬಲ್ ಒರೆಸಿ ತಾನೇ ಇನ್ನೊಬ್ಬರನ್ನು ಕೂರಿಸುವುದು? ಕಂಪ್ಯೂಟರಿನಲ್ಲಿ ಒರೆಸುವ ಕೆಲಸ ಕರ್ನಲ್‌ನದು, ಅಂದರೆ ಉಳಿದ ಪ್ರೋಗ್ರಾಂಗಳನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಂನದು. ಒಂದು ಪ್ರೋಗ್ರಾಂ ಮುಗಿದಾಗ ಅದು ಬಿಟ್ಟ ಮೆಮೊರಿಯನ್ನೆಲ್ಲ ಸೊನ್ನೆ ಮಾಡಬೇಕು. ಇಲ್ಲದಿದ್ದರೆ ಅಲ್ಲಿದ್ದ ಪಾಸ್‌ವರ್ಡು, ಗುಟ್ಟು ಎಲ್ಲ ಮುಂದಿನವರ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ಒರೆಸಿದೆಯೋ ಇಲ್ಲವೋ ಎಂದು ನೋಡುವವಳು ನಾನು. ಮೆಮೊರಿ ತುಂಬ ಒಂದೇ ಸಾಲು ಬರೆದು, ಬಿಟ್ಟುಕೊಟ್ಟು, ಆಮೇಲೆ ಅದು ಎಲ್ಲಾದರೂ ಉಳಿದಿದೆಯಾ ಎಂದು ಹುಡುಕುತ್ತಿದ್ದೆ. ನಾನು ಬಳಸುತ್ತಿದ್ದ ಸಾಲು 'ಭದ್ರಾವತಿ ಬಸ್ಸಲ್ಲಿ ಸೀಟಿಲ್ಲ'. ಆಫೀಸಿಗೆ ಹೋಗಿಬರುವ ಬಸ್ಸಿನಲ್ಲಿ ನನಗೆ ದಿನಾ ಸೀಟು ಸಿಗುತ್ತಲೂ ಇರಲಿಲ್ಲ.

ಆಫೀಸು ಶಿವಮೊಗ್ಗದ ನವುಲೆ ಕಡೆ. ಮದುವೆಯಾದ ಮೇಲೆ ಹತ್ತು ವರ್ಷ ಕೆಲಸ ಬಿಟ್ಟಿದ್ದವಳನ್ನು ಆರು ತಿಂಗಳು ನೋಡಿ ಪರ್ಮನೆಂಟ್ ಮಾಡುತ್ತೇವೆ ಎಂದು ತೆಗೆದುಕೊಂಡಿದ್ದರು. ಈ ಸುತ್ತಮುತ್ತ ಇಂಥ ಕೆಲಸ ಬೇರೆಲ್ಲೂ ಇಲ್ಲ. ಪರ್ಮನೆಂಟ್ ಆಗಬೇಕು ಅನ್ನುವುದೊಂದೇ ತಲೆಯಲ್ಲಿ.

ಟೀಮಿನ ಲೀಡ್ ನನಗಿಂತ ಚಿಕ್ಕವನು. ಉಳಿದವರನ್ನು ಹೆಸರು ಹಿಡಿದು ಕರೆಯುತ್ತಿದ್ದ, ನನ್ನನ್ನು ಮಾತ್ರ 'ಅಕ್ಕಾವ್ರೆ' ಅನ್ನುತ್ತಿದ್ದ. ಅಂದಾಗಲೆಲ್ಲ ಟೀಮು ಕಿಸಕ್ಕೆಂದು ನಗುತ್ತಿತ್ತು. ತ್ಯಾವರೆಕೊಪ್ಪದ ಸಫಾರಿಗೆ ಎಲ್ಲರನ್ನೂ ಕರೆದುಕೊಂಡು ಹೋದ ದಿನ, "ಅಕ್ಕಾವ್ರೆ, ಹುಲಿ ನೋಡೋ ವಯಸ್ಸಾ ನಿಮ್ದು? ಟೆಸ್ಟ್ ನೋಡ್ಕೊಂಡಿರಿ" ಎಂದು ನನ್ನೊಬ್ಬಳನ್ನು ಬಿಟ್ಟು ಹೋದ. ಅದೇ ಅವನಿಗೆ ಮುಳುವಾಯಿತು. ಒರೆಸಿರಬೇಕಾದ ಜಾಗದಲ್ಲಿ ನನ್ನ ಬಸ್ಸಿನ ಸಾಲು ಹಾಯಾಗಿ ಕೂತಿದ್ದು ಅವತ್ತೇ ಸಿಕ್ಕಿತು. ವೇಗ ಹೆಚ್ಚಲಿ ಎಂದು ಅವನೇ ಕರ್ನಲ್‌ಗೆ ಸೇರಿಸಿದ್ದ ಒಂದು ಅಡ್ಡದಾರಿಯಲ್ಲಿ ಒರೆಸುವುದೇ ಬಿಟ್ಟುಹೋಗಿತ್ತು.

ಮರುದಿನ ಹೇಳಿದರೆ ಅವನು ಕುರ್ಚಿಯಿಂದ ಏಳಲೂ ಇಲ್ಲ.

"ನಿಮ್ಮ ಟೆಸ್ಟೇ ಸರಿಯಿಲ್ಲ. ಈ ಕರ್ನಲ್ ನನ್ನ ಲ್ಯಾಪ್‌ಟಾಪಲ್ಲೇ ಓಡ್ತಿದೆ. ಎಲ್ಲರ ಎದುರಿಗೂ ಅಲ್ಲೇ ತೋರ್ಸಿ. ಆಗ್ಲಿಲ್ಲ ಅಂದ್ರೆ ಈ ಕೆಲಸ ನನ್ನ ಕೈಲಿ ಆಗಲ್ಲ ಅಂತ ಬರ್ಕೊಟ್ಟು ಹೋಗಿ."

ತೋರಿಸುತ್ತೇನೆ ಎಂದೆ. ಸಿಟ್ಟು ನೆತ್ತಿಗೇರಿತ್ತು.

ಅವನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಹಾಕಿದರು. ಸಿಕ್ಕಿದ್ದನ್ನು ಒಬ್ಬರು ಜೋರಾಗಿ ಓದಬೇಕು, ಟೆಸ್ಟ್ ಮಾಡಿದವರು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು. ಅದು ಅವನೇ ಮಾಡಿದ್ದ ನಿಯಮ. ಓದಲು ನನ್ನ ಪಕ್ಕದ ಸೀಟಿನವಳು ನಿಂತಳು. ಅವನು ಏನೋ ಟೈಪ್ ಮಾಡಿ ಮುಚ್ಚಿದ. ನಾನು ಖಾಲಿ ಮೆಮೊರಿಯಲ್ಲಿ ಅಕ್ಷರಗಳಿಗಾಗಿ ಹುಡುಕಿದೆ. 'ಅಕ್ಕಾವ್ರಿಗೆ ಏನೂ ಸಿಗಲ್ಲ' ಎಂದು ಬಂತು. ಅವನು ಈಗಷ್ಟೇ ಬರೆದು ಮುಚ್ಚಿದ ಸಾಲು ಅದು. ಅವನ ಮುಖ ಹುಳ್ಳಗಾದದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಅವಳು ನಿಲ್ಲಿಸಲಿಲ್ಲ. ಪರದೆಯ ಮೇಲೆ ಇನ್ನೂ ಬರುತ್ತಿತ್ತು, ಅದೇ ದನಿಯಲ್ಲಿ ಓದುತ್ತಾ ಹೋದಳು: "ಸಾರ್, ಅಕ್ಕನ್ನ ಪರ್ಮನೆಂಟ್ ಮಾಡೋದು ಬೇಡ. ಟೆಸ್ಟ್ ರಿಪೋರ್ಟೆಲ್ಲ ಬರೆಸ್ಕೊಂಡು ತಿಂಗಳ ಕೊನೆಗೆ ಕಳಿಸೋಣ. ಇನ್ನೆಲ್ಲಿಗೆ ಹೋಗ್ತಾಳೆ, ಬೈದ್ರೂ ಮಾಡ್ತಾಳೆ." ಬೆಳಿಗ್ಗೆ ಅವನು ಮಾಲೀಕರಿಗೆ ಕಳಿಸಿದ್ದ ಮೆಸೇಜು, ಅದೂ ಒರೆಸದೆ ಉಳಿದಿತ್ತು.

ಯಾರೂ ನಗಲಿಲ್ಲ. ಎಂದಿನಂತೆ ನಕ್ಕಿದ್ದರೇ ವಾಸಿಯಿತ್ತು.

"ಅದನ್ನ ಬಿಟ್ಟು ಬರ್ಕೊಳ್ಳಿ" ಎಂದ ಲೀಡ್.

"ಅಕ್ಷರ ಬಿಡಬಾರ್ದು ಅಂದೋರು ನೀವೇ ಸಾರ್" ಎಂದೆ. ಪೂರ್ತಿ ಬರೆದೆ. ಕಣ್ಣು ತುಂಬಿ ಬಂದಿತ್ತು, ಅವನಿಗೆ ಕಾಣಬಾರದೆಂದು ತಲೆ ಎತ್ತಲಿಲ್ಲ.

ಮಾಲೀಕರು ರಿಪೋರ್ಟ್ ಓದಿದರು. ತುಂಬಾ ಚೆನ್ನಾಗಿ ಹಿಡಿದಿದ್ದೀರಿ ಎಂದು ಹೊಗಳಿದರು. ತೆಗೆಯುವ ತೀರ್ಮಾನ ಮಾತ್ರ ಬದಲಾಗಲಿಲ್ಲ, ಟೀಮಿನಲ್ಲಿ ಹೊಂದಾಣಿಕೆ ಮುಖ್ಯವಂತೆ.

ಕಡೆಯ ದಿನ ಲೀಡ್ ಕರೆದ. ಅಡ್ಡದಾರಿಯನ್ನು ಸರಿಪಡಿಸಿದ್ದ. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡುವ ಪತ್ರ ಅವನ ಮೇಜಿನ ಮೇಲೇ ಇತ್ತು, ಇನ್ನೂ ಸಹಿ ಹಾಕಿರಲಿಲ್ಲ.

"ಬಗ್ ಸರಿಹೋಯ್ತು ಅಂತ ಬರೆದು ಮುಚ್ಚಬೇಕು. ಹಿಡಿದೋರೇ ಟೆಸ್ಟ್ ಮಾಡ್ಬೇಕಲ್ವಾ. ರಿಪೋರ್ಟಲ್ಲಿ ನೀವು ಬರ್ದಿರೋ ಸಾಲನ್ನೇ ಹಾಕಿ ನೋಡಿ, ಅಕ್ಕಾವ್ರೆ. ಒಂದಕ್ಷರ ಬಿಡಬೇಡಿ" ಎಂದು ಹಲ್ಲು ಕಿರಿದ.

ಆ ಕೆಲಸವನ್ನು ಅವನ ಮುಖಕ್ಕೆ ಎಸೆದು ಬರಬೇಕಿತ್ತು. ಆದರೆ ಆ ಪತ್ರವಿಲ್ಲದೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ. ಅವನ ಪಕ್ಕದಲ್ಲೇ ಕೂತು, ಇನ್ನೆಲ್ಲಿಗೆ ಹೋಗ್ತಾಳೆ, ಬೈದ್ರೂ ಮಾಡ್ತಾಳೆ ಎಂದು ನನ್ನ ಕೈಯಾರೆ ಟೈಪ್ ಮಾಡಿದೆ. ಮೆಮೊರಿ ತುಂಬ ಅದನ್ನೇ ತುಂಬಿಸಿದೆ, ಬಿಟ್ಟುಕೊಟ್ಟೆ, ಹುಡುಕಿದೆ. ಎಲ್ಲೂ ಸಿಗಲಿಲ್ಲ. ಈ ಸಲ ಚೆನ್ನಾಗಿ ಒರೆಸಿತ್ತು.

ಪಾಸ್ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಅವನು ನನ್ನ ಪತ್ರಕ್ಕೆ ಸಹಿ ಹಾಕಿದ.