ಮಂಚದ ಕೆಳಗಿನ ದೇವದುರ್ಗ ಲೈನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ಕಾಲದಲ್ಲಿ ನಾನು ಛತ್ರಿಗಳ ವೈರಿಯಾಗಿದ್ದೆ. ರಾಯಚೂರಿನಲ್ಲಿ ಛತ್ರಿ ಇರುವುದು ಮಳೆಗಲ್ಲ, ಬಿಸಿಲಿಗೆ. ಹೀಗಾಗಿ ಎಲ್ಲರ ಮನೆಯ ಮೊಳೆಗೂ ಒಂದು ಛತ್ರಿ ವರ್ಷವಿಡೀ ತೂಗಾಡುತ್ತಿರುತ್ತದೆ. ನಮ್ಮ ಮನೆಯ ಮೊಳೆಗೆ ಮಾತ್ರ ಬರೀ ಕರಿಬಟ್ಟೆ ತೂಗಾಡುತ್ತಿತ್ತು. ಅದರ ಕಡ್ಡಿಗಳು ಮಂಚದ ಕೆಳಗೆ ರೈಲು ಹಳಿಗಳಾಗಿ ಮಲಗಿದ್ದವು. ಬೀಗರು ಬಂದರೆ ಅವರ ಛತ್ರಿಯನ್ನು ನನ್ನ ಹೆಂಡತಿ ಸುಶೀಲಾ ಬಾಗಿಲಲ್ಲೇ ಇಸಿದುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಗಂಡನ ಮೇಲೆ ಅಷ್ಟು ನಂಬಿಕೆ!

ಎಂಬತ್ತರ ದಶಕದ ಶುರುವಿನ ಮಾತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮಾಸ್ತರ. ನನ್ನ ಹುಟ್ಟೂರು ದೇವದುರ್ಗ, ಸುಶೀಲಾಳ ತವರು ಮಾನ್ವಿ. ಎರಡೂ ಊರಿಗೆ ರೈಲಿಲ್ಲ. ಬಾಡಿಗೆ ಮನೆ ಮಾತ್ರ ರಾಯಚೂರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಗಾಡಿ ಬಂದಾಗಲೆಲ್ಲ ಗಡಿಗೆಯ ಮೇಲಿನ ತಟ್ಟೆ ತಾಳ ಹಾಕುವಷ್ಟು ಹತ್ತಿರ. ಮನೆ ಎಂದರೆ ಒಂದೂವರೆ ಕೋಣೆ. ಅರ್ಧ ಕೋಣೆ ಒಲೆಯದು. ಒಂದು ಕೋಣೆಯಲ್ಲಿ ಮಂಚ, ಮಂಚದ ಕೆಳಗೆ ಜೋಳದ ಚೀಲ, ಉಳಿದ ಜಾಗದಲ್ಲಿ ನಾವು.

ಹುಚ್ಚು ಹತ್ತಿದ್ದು ಖಾಜಾಭಾಯಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅವನ ರದ್ದಿಯಲ್ಲಿ ಒಂದು ಹಳೆಯ ಪರದೇಶದ ಪತ್ರಿಕೆ ಸಿಕ್ಕಿತು. ಅದರಲ್ಲೊಂದು ಚಿತ್ರ: ಬಿಳಿ ಮೀಸೆಯ ದೊರೆಯೊಬ್ಬ ಕೋಣೆಯ ತುಂಬ ಪುಟ್ಟ ರೈಲು, ಪುಟ್ಟ ಗುಡ್ಡ, ಪುಟ್ಟ ಸೇತುವೆ ಹಾಸಿಕೊಂಡು ನಿಂತಿದ್ದ. ಆ ಕೋಣೆಯಲ್ಲಿ ನಮ್ಮ ಓಣಿಯ ಮೂರು ಮನೆ ಹಿಡಿಯುತ್ತಿದ್ದವು. ಆದರೆ ಅವನ ಮುಖದ ಮೇಲಿನ ಖುಷಿ ನಮ್ಮ ಮನೆಯಲ್ಲೂ ಹಿಡಿಯುತ್ತದೆ ಅನ್ನಿಸಿತು.

"ಮಾಸ್ಟರ್ ಸಾಬ್, ಸತ್ತಿರೋ ಟೇಪ್ ರಿಕಾರ್ಡಿಂದು ಮೋಟರ್ ಅದ, ನಾ ಕೊಡ್ತೀನಿ. ಹಳಿ ಬಂದೋಬಸ್ತು ನಿಮ್ದು" ಎಂದ ಖಾಜಾಭಾಯಿ.

ಮನೆಯಲ್ಲಿ ಜಾಗದ ಮಂಜೂರಿ ಅಷ್ಟು ಸಲೀಸಾಗಿ ಆಗಲಿಲ್ಲ. ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಕೆಳಗೆ ಹಳೆಯ ಬಾಗಿಲೊಂದನ್ನು ಹಾಸುತ್ತೇನೆ, ಜೋಳದ ಚೀಲ ಬಾಗಿಲ ನಡುವೆ ಗುಡ್ಡದ ಹಾಗೆ ಕೂತಿರುತ್ತದೆ ಎಂದು ವಿವರಿಸಿದೆ. ಸುಶೀಲಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ಎಲ್ಲಿಂದ ಎಲ್ಲಿಗೆ ಹೋಗ್ತದ ನಿಮ್ಮ ಗಾಡಿ?"

"ರಾಯಚೂರಿಂದ ದೇವದುರ್ಗಕ್ಕ."

"ಮಾನ್ವಿಯವ್ರು ಏನು ಪಾಪ ಮಾಡ್ಯಾರ್ರೀ? ಜಾಗಾ ಕೊಡ್ತೀನಿ, ಆದ್ರ ಗಾಡಿ ಮೊದಲ ಮಾನ್ವಿಗೆ ಹೋಗಬೇಕು. ಆಮ್ಯಾಲ ದೇವದುರ್ಗ."

ಮಾನ್ವಿ ಒಂದು ದಿಕ್ಕು, ದೇವದುರ್ಗ ಇನ್ನೊಂದು ದಿಕ್ಕು ಎಂಬುದನ್ನು ನಾನು ಸಂಬಳ ತೆಗೆದುಕೊಂಡು ಹೇಳಿಕೊಡುವವನು. ಆದರೆ ಆ ಭೂಗೋಳ ಶಾಲೆಯದು. ಮನೆಯ ನಕಾಶೆ ಹಿಟ್ಟಿನ ಕೈಯಿಂದಲೇ ಆಗಬೇಕು. ಹೀಗೆ ರಾಯಚೂರು, ಮಾನ್ವಿ, ದೇವದುರ್ಗ, ಮತ್ತೆ ರಾಯಚೂರು ಎಂದು ಜೋಳದ ಚೀಲವನ್ನು ಸುತ್ತಿ ಬರುವ ದುಂಡು ಲೈನು ಮಂಜೂರಾಯಿತು. ಸರಕಾರಕ್ಕೆ ಇಷ್ಟು ವರ್ಷ ಆಗದ್ದು ನಮ್ಮಲ್ಲಿ ಒಂದು ರೊಟ್ಟಿ ಬೇಯುವಷ್ಟರಲ್ಲಿ ಆಯಿತು.

ನಮ್ಮ ಭಾಷೆಯನ್ನು ಕಟ್ಟಿದವರು ಸಂಸಾರಸ್ಥರೇ ಇರಬೇಕು. ರೈಲಿಗೆ ಅವರು ಉಗಿಬಂಡಿ ಎಂದರು, ಅದು ಓಡುವ ದಾರಿಗೆ ಹಳಿ ಎಂದರು. ಉಗಿ ಎಂದರೆ ಹಬೆಯೂ ಹೌದು, ಥೂ ಎನ್ನುವುದೂ ಹೌದು. ಹಳಿ ಎಂದರೆ ಕಬ್ಬಿಣದ ದಾರಿಯೂ ಹೌದು, ಬೈಯುವುದೂ ಹೌದು. ಉಗಿಸಿಕೊಂಡು, ಹಳಿಸಿಕೊಂಡು, ಆದರೂ ಹೊತ್ತಿಗೆ ಸರಿಯಾಗಿ ಮನೆ ಮುಟ್ಟುವ ವಾಹನ ಯಾವುದು ಹೇಳಿ? ನಾನು ರೈಲು ಕಟ್ಟಲು ಕೂತ ಮೇಲೆ ಈ ವ್ಯಾಕರಣ ನನಗೆ ದಿನಕ್ಕೆ ಎರಡು ಹೊತ್ತು ಅರ್ಥವಾಗುತ್ತಿತ್ತು.

ಆದರೆ ಏನು ಸುಖ ಅದು! ಮುರಿದ ಮೊರದ ಬಿದಿರು ಸೀಳಿ ಹಳಿಯ ಅಡಿಪಟ್ಟಿ ಮಾಡಿದೆ. ಹಲ್ಲುಪುಡಿಯ ದುಂಡು ಡಬ್ಬಿ ಎಂಜಿನ್ನಾಯಿತು. ಗಾಲಿ ಹಳಿಯಿಂದ ಜಾರದಿರಲು ಅಂಚು ಬೇಕಲ್ಲ. ಕೋಟಿನ ದೊಡ್ಡ ಗುಂಡಿಗೆ ಅಂಗಿಯ ಸಣ್ಣ ಗುಂಡಿ ಅಂಟಿಸಿದಾಗ ಥೇಟ್ ರೈಲಿನ ಗಾಲಿ! ಅದು ಹೊಳೆದ ದಿನ ನಾನು ಗುಂಡಿಯಿಲ್ಲದ ಅಂಗಿಯಲ್ಲೇ ಖಾಜಾಭಾಯಿಯ ಅಂಗಡಿಗೆ ಓಡಿದ್ದೆ. ಛತ್ರಿ ಕಡ್ಡಿಗಳನ್ನು ತುದಿಗೆ ತುದಿ ಕೂಡಿಸಿ, ನಡುವೆ ಕೂದಲೂ ತೂರದ ಹಾಗೆ ಅವನು ಬೆಸುಗೆ ಹಾಕಿಕೊಟ್ಟ. ಹಳಿ ಒಂದೇ ಎರಕ ಹೊಯ್ದಂತೆ ಕಾಣುತ್ತಿತ್ತು. ಬ್ಯಾಟರಿ ಸೆಲ್ಲುಗಳು ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಪ್ಯಾಸೆಂಜರುಗಳ ಹಾಗೆ ಕೂತವು.

ಇನ್ನೊಂದು ಗುಟ್ಟು ಹೇಳುತ್ತೇನೆ. ಆಟದ ರೈಲನ್ನು ನಿಂತು ನೋಡಬಾರದು. ನಿಂತು ನೋಡಿದರೆ ಅದು ಹಲ್ಲುಪುಡಿ ಡಬ್ಬಿ. ನೆಲದ ಮೇಲೆ ಬೋರಲಾಗಿ ಮಲಗಿ, ಗಲ್ಲವನ್ನು ಪರಸಿ ಹಾಸುಗಲ್ಲಿಗೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಆಗ ಎದುರಿನಿಂದ ಬರುವುದು ರೈಲೇ! ನನಗೆ ಮೈ ಜುಮ್ಮೆಂದದ್ದು ಸುಳ್ಳಲ್ಲ.

ಈ ಖುಷಿಯಲ್ಲೇ ತಪ್ಪು ಮಾಡಿದೆ. ದೇವದುರ್ಗದಲ್ಲಿದ್ದ ಅವ್ವನಿಗೆ ಪತ್ರ ಬರೆದೆ: 'ದೇವದುರ್ಗ ಲೈನಿನ ಕೆಲಸ ಜೋರಾಗಿ ನಡೆದಿದೆ. ಮಾನ್ವಿ ಮುಟ್ಟಿದೆ. ಬೇಸಿಗೆ ರಜೆಯಲ್ಲಿ ಗಾಡಿ ಓಡಿಸುತ್ತೇನೆ.' ಮೂವತ್ತು ದಾಟಿದ ಮಾಸ್ತರ ಆಟಿಕೆ ಸಾಮಾನು ಮಾಡುತ್ತಿದ್ದಾನೆ ಎಂದು ಬರೆಯಲು ನಾಚಿಕೆಯಾಗಿ 'ಆಟಿಕೆ' ಎಂಬ ಒಂದು ಶಬ್ದ ಬಿಟ್ಟೆ. ಅವ್ವನಿಗೆ ಓದು ಬರದು. ಪೋಸ್ಟಮನ್ ಊರಿನ ನಮ್ಮ ಓಣಿಯ ಬೇವಿನ ಕಟ್ಟೆಯ ಮೇಲೆ ನಿಂತು ದೊಡ್ಡ ದನಿಯಲ್ಲಿ ಓದಿದ. ಕಲ್ಲು ಹೊತ್ತು ನನ್ನನ್ನು ಓದಿಸಿದ ಅವ್ವ, ಆ ಓಣಿಯಿಂದ ಮೊದಲು ಮಾಸ್ತರನಾದವನ ಅವ್ವ, ಅಂದಿನಿಂದ ಎಲ್ಲರ ಮುಂದೆ ಹೇಳತೊಡಗಿದಳು: "ನನ್ನ ಮಗ ಊರಿಗೆ ರೈಲು ತರಾಕತ್ಯಾನ."

ಇದೊಂದೂ ಆಗ ನನಗೆ ಗೊತ್ತಿಲ್ಲ. ನನ್ನ ಚಿಂತೆ ಬೇರೆಯಿತ್ತು. ಚಳಿಗಾಲದಲ್ಲಿ ಚೆಂದ ಓಡಿದ ಗಾಡಿ ಬಿಸಿಲು ಏರಿದಂತೆ ಹಟ ಹಿಡಿಯಿತು. ಬೆಳಿಗ್ಗೆ ಸರಿ, ಮಧ್ಯಾಹ್ನ ಮಾನ್ವಿ ತಿರುವಿನಲ್ಲಿ ಪಲ್ಟಿ. ನಾನು ಗಾಲಿ ಬದಲಿಸಿದೆ, ಖಾಜಾಭಾಯಿ ಮೋಟರ್ ಬದಲಿಸಿದ. ಗಾಡಿ ಬೀಳುವುದನ್ನು ಬದಲಿಸಲು ಇಬ್ಬರಿಂದಲೂ ಆಗಲಿಲ್ಲ.

ಅಂಥ ಒಂದು ಕಡುಬಿಸಿಲಿನ ಮಧ್ಯಾಹ್ನ ಅವ್ವ ಬಂದಳು. ಜೊತೆಗೆ ದುರುಗಪ್ಪ ಕಾಕಾ. ಊರಿನ ನಮ್ಮ ಓಣಿಯ ಹಿರಿಯ. ಹರೆಯದಲ್ಲಿ ಕೃಷ್ಣಾ ಸೇತುವೆಯ ಕಡೆ ರೈಲ್ವೆ ಗ್ಯಾಂಗಿನಲ್ಲಿ ಹಳಿ ಹೊತ್ತವನು. ನೀರು ಕುಡಿದವನೇ ಅಂಗಿಯೊಳಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದ.

"ನೋಡಪಾ ಮಾಸ್ತರ, ನಮ್ಮ ಊರಿನ ಟೇಶನ್ ಸಂತಿ ಬಾಜೂಕ ಆಗಬೇಕು. ಬೊಂಬಾಯಿ, ಪುಣಾಕ ದುಡ್ಯಾಕ ಹೋಗೋ ಮಂದಿ ಗಂಟು ಹೊತ್ಕೊಂಡು ಎಷ್ಟು ದೂರ ನಡೀಬೇಕು? ಓಣ್ಯಾಗ ಎಲ್ಲಾರೂ ಹೆಬ್ಬಟ್ಟು ಒತ್ಯಾರ. ನೀನ ಮ್ಯಾಲಿನವ್ರಿಗೆ ಮುಟ್ಟಸಬೇಕು."

ಹೆಬ್ಬೆರಳ ನೀಲಿ ಗುರುತುಗಳಿಂದ ಕಾಗದ ತುಂಬಿಹೋಗಿತ್ತು.

"ಕಾಕಾ... ಲೈನು ಮಂಚದ ಬುಡಕ ಅದ."

"ಏನಂದಿ?" ಎಂದಳು ಅವ್ವ.

ಬಗ್ಗಿ ತೋರಿಸಿದೆ. ಅವ್ವ ಒಂದು ಸಲ ಕೆಳಗೆ ನೋಡಿದಳು, ಒಂದು ಸಲ ಕಾಕಾನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಆಟಕ್ಕೆ ಯಾರು ನಕ್ಕರೂ ನಡೆದೀತು. ಆದರೆ ನಾಳೆ ಓಣಿ ನಗುವುದು ಆಕೆಗೆ. ಜೀವಮಾನದಲ್ಲಿ ಆಕೆ ಜಂಬಪಟ್ಟದ್ದು ಅದೊಂದೇ ಮಾತಿಗೆ, ಆ ಮಾತನ್ನು ನಾನು ಸುಳ್ಳು ಮಾಡಿದ್ದೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಕಾಕಾ ನಗುತ್ತಾನೆಂದು ಕಾದೆ. ನಗಲಿಲ್ಲ. ರುಮಾಲು ತೆಗೆದು ಪಕ್ಕಕ್ಕಿಟ್ಟು, ಯಾರೂ ಹೇಳಿಕೊಡದೆ ನೆಲದ ಮೇಲೆ ಬೋರಲಾಗಿ ಮಲಗಿದ. "ಓಡಸು" ಎಂದ.

ಓಡಿಸಿದೆ. ಗಾಡಿ ರಾಯಚೂರು ಬಿಟ್ಟು ಠೀವಿಯಿಂದ ಹೊರಟಿತು, ಮಾನ್ವಿ ತಿರುವಿಗೆ ಬಂದು ಮಗ್ಗುಲಾಯಿತು.

"ನಮ್ಮೂರು ಬಂತಂದ್ರ ಸಾಕು, ಬೀಳ್ತದ. ಇವ್ರಿಗೆ ನಮ್ಮ ತವರುಮನಿ ಅಂದ್ರ ಅಷ್ಟಕ್ಕಷ್ಟ" ಎಂದಳು ಸುಶೀಲಾ, ಯಾರಾದರೂ ನಗಲಿ ಎಂದು.

ಕಾಕಾ ಹಳಿಯ ಮೇಲೆ ಬೆರಳಾಡಿಸಿದ. ತಿರುವಿನಲ್ಲಿ ಕಡ್ಡಿ ಹೊರಗೆ ಬಾಗಿತ್ತು. "ಸಂದು ಎಲ್ಲಿ ಬಿಟ್ಟೀದಿ?"

"ಯಾವ ಸಂದು ಕಾಕಾ?"

"ಹಳಿಗೂ ಹಳಿಗೂ ನಡುವ ಸಂದು! ಬಿಸಿಲಿಗೆ ಕಬ್ಬಿಣ ಹಿಗ್ತದಪಾ. ಹಿಗ್ಗಾಕ ಜಾಗಾ ಇಲ್ಲಂದ್ರ ಸೊಟ್ಟಾಗ್ತದ. ಇಷ್ಟು ಓದೀದಿ, ಇದು ಗೊತ್ತಿಲ್ಲೇನು?"

ಬಂಡೆ ಬಿಸಿಲಿಗೆ ಹಿಗ್ಗಿ ಸೀಳುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬಿಡಿಸುವವನು ನಾನು. ಹಾಸುಗಲ್ಲಿನ ಮಾಳಿಗೆಯ ಕೆಳಗೆ ಕೆಂಡದಂತೆ ಕಾದ ಕೋಣೆಯಲ್ಲಿ, ಕೂದಲೂ ತೂರದ ಬೆಸುಗೆ ಹಾಕಿಸಿ ಮೀಸೆ ತಿರುವಿದವನೂ ನಾನೇ. ಕಾಕಾ ಗರಗಸದ ಮುರಿದ ಬ್ಲೇಡು ಕೇಳಿ ತೆಗೆದುಕೊಂಡು ಬೆಸುಗೆ ಇದ್ದಲ್ಲೆಲ್ಲ ಹಳಿಯನ್ನು ಕೊಯ್ದ. ಪ್ರತಿ ಸಂದಿಗೂ ಪೋಸ್ಟ್‌ಕಾರ್ಡಿನ ಅಂಚು ತೂರಿಸಿ ಅಳತೆ ನೋಡಿದ.

ಹಿಗ್ಗು ಎಂದರೆ ಉಬ್ಬುವುದು, ಹಿಗ್ಗು ಎಂದರೆ ಸಂತೋಷ. ನೋಡಿ, ಮತ್ತೆ ನಮ್ಮ ಭಾಷೆ! ಒಂದೂವರೆ ಕೋಣೆಯ ಮನೆಯಲ್ಲಿ ಗಂಡನ ಹಿಗ್ಗು ಗೋಡೆ ಮುಟ್ಟಿದರೆ ಹೆಂಡತಿಯ ಹಿಗ್ಗು ಎಲ್ಲಿಗೆ ಹೋಗಬೇಕು? ಮುಂದೆ ನಾನು ಬೀಗರ ಛತ್ರಿಗಳ ಮೇಲೆ ಕಣ್ಣು ಹಾಕಲಿಲ್ಲ. ಸುಶೀಲಾ ಬೀಗ ಹಾಕುವುದನ್ನು ಬಿಟ್ಟಳು. ರೈಲಿನ ಆ ಟಕಟಕ ಹಾಡೂ ಸಂದಿನಿಂದಲೇ ಹುಟ್ಟುವುದಂತೆ, ಕಾಕಾ ಹೇಳಿದ.

ಎರಡನೇ ಸಲ ಗಾಡಿ ಬಿಟ್ಟೆ. ಈಗ ಅವ್ವನೂ ಮಲಗಿದ್ದಳು, ಸುಶೀಲಾಳೂ ಮಲಗಿದ್ದಳು. ಟಕಟಕ, ಟಕಟಕ! ಮಾನ್ವಿ ಬಂತು. ಉಸಿರು ಹಿಡಿದೆವು. ಮಾನ್ವಿ ದಾಟಿತು!

"ಯವ್ವಾ, ದಾಟ್ತು!" ಎಂದು ಸುಶೀಲಾ ಚೀರಿದಳು. ಗಾಡಿ ಜೋಳದ ಗುಡ್ಡ ಬಳಸಿ ದೇವದುರ್ಗದ ಬೆಂಕಿಪೆಟ್ಟಿಗೆ ಸ್ಟೇಷನ್ ಮುಂದೆ ಬಂದಾಗ ಅವ್ವ ನೆಲ ಬಡಿದು "ಬಂತು, ನಮ್ಮೂರಿಗೆ ಬಂತು!" ಎಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಮಂಚದ ಕೆಳಗಿನ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಅಷ್ಟರಲ್ಲಿ ಖಾಜಾಭಾಯಿ ಬಾಗಿಲಿಗೆ ಬಂದ. ಮಂಚದಡಿಯಿಂದ ಹೊರಚಾಚಿದ ನಾಲ್ಕು ಜೋಡಿ ಕಾಲು ಕಂಡು "ಯಾ ಅಲ್ಲಾ, ಏನಾಯ್ತ್ರಿ?" ಎಂದು ಹೌಹಾರಿದ. ಸಂಗತಿ ತಿಳಿದ ಮೇಲೆ ಐದನೇ ಜೋಡಿ ಅವನದು.

ಹೊರಡುವ ಮುಂಚೆ ಕಾಕಾ ಬೆಂಕಿಪೆಟ್ಟಿಗೆಯನ್ನು ಒಂದು ಗೇಣು ಸರಿಸಿ ಚೀಲದ ಹತ್ತಿರ ಇಟ್ಟ. "ಇದು ಸಂತಿ" ಎಂದ, ಚೀಲ ತೋರಿಸಿ. ಹೆಬ್ಬಟ್ಟಿನ ಕಾಗದವನ್ನು ಸಣ್ಣದಾಗಿ ಮಡಚಿ ಸ್ಟೇಷನ್ನಿನ ಬುಡಕ್ಕೆ ತೂರಿಸಿದ. ಊರಲ್ಲಿ ಏನು ಹೇಳುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ವಾರದ ಮೇಲೆ ತಡೆಯಲಾರದೆ ದೇವದುರ್ಗಕ್ಕೆ ಹೋದೆ. ಬೇವಿನ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಅವ್ವ ಕೂತಿದ್ದಳು, ತಲೆ ಎತ್ತಿಕೊಂಡೇ ಕೂತಿದ್ದಳು. ವಾಪಸು ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದಾಗ ನಡೆದದ್ದನ್ನು ಹೇಳಿದಳು. ಕಾಕಾ ಬಸ್ಸಿಳಿದ ಕೂಡಲೇ ಓಣಿಯವರು ಮುತ್ತಿಕೊಂಡರಂತೆ. ಲೈನು ಖರೇನೋ ಸುಳ್ಳೋ?

"ಖರೇ ಅದ" ಎಂದನಂತೆ ಕಾಕಾ. "ನಾನ ನನ್ನ ಕೈಯಾರೆ ಸಂದು ಬಿಟ್ಟು ಬಂದೀನಿ. ಟೇಶನ್ನೂ ಸಂತಿ ಬಾಜೂಕ ಮಾಡಿಸೀನಿ. ಗಾಡಿ ಬಂದದ್ದು ಕಣ್ಣಾರೆ ನೋಡೀನಿ."

"ಮತ್ತ ಅದರಾಗ ಹತ್ತಿ ಬರಬೇಕಿಲ್ಲೋ ಮುದುಕಾ?"

"ಎಲ್ಲಿ ಹತ್ತೂದಪಾ? ನಮ್ಮೂರಿಗೆ ಗಾಡಿ ಬರೋದ್ರಾಗ ನಾವು ಭಾಳ ದೊಡ್ಡವ್ರಾಗಿಬಿಟ್ಟೀವಿ."

ಮಂಚದ ಕೆಳಗಿನ ಗಾಡಿಯ ಕಥೆಯನ್ನು ಅವನು ಬಿಚ್ಚಿದಾಗ ಓಣಿ ಬಿದ್ದು ಬಿದ್ದು ನಕ್ಕಿತಂತೆ, ಅವ್ವನೂ ಕೂಡಿ. ಹೇಳುತ್ತ ಈಗಲೂ ನಕ್ಕಳು. ಆಮೇಲೆ ಸೆರಗು ಸರಿ ಮಾಡಿಕೊಂಡು, "ನಡಿ, ಲಗೂನ ಹತ್ತು. ಬಸ್ಸಿನ್ಯಾಗರ ಜಾಗಾ ಸಿಗಲಿ" ಎಂದಳು.