ಕಾಡಿಗಾಗಿ ಕಟ್ಟಿದ ಮೈದಾನ

ನಾನು ಆಟದ ಮೇಷ್ಟ್ರು. ಕಡೂರು ಕಡೆಯ ಬಯಲಿನಲ್ಲಿ ಕಬಡ್ಡಿ ಆಡಿಕೊಂಡು ಬೆಳೆದವನು. ಬಣಕಲ್‌ನಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ನಡುವೆ ಇರುವ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಕೆಲಸಕ್ಕೆ ಬಂದ ದಿನ ಮೊದಲು ಹುಡುಕಿದ್ದು ಮೈದಾನವನ್ನು. ಇರಲಿಲ್ಲ. ಕಚೇರಿಯ ಎದುರು ಒಂದು ವಾಲಿಬಾಲ್ ಅಂಕಣವಿತ್ತು, ಅದರ ಅರ್ಧಕ್ಕೆ ಕಾರು ನಿಲ್ಲಿಸುತ್ತಿದ್ದರು. ಓಟದ ಹುಡುಗಿಯರು ಹೆದ್ದಾರಿಯ ಅಂಚಿನಲ್ಲೇ ಅಭ್ಯಾಸ ಮಾಡಬೇಕಿತ್ತು. ಒಂದು ಸಂಜೆ ಮಂಜಿನಲ್ಲಿ ಪ್ರವಾಸಿಗರ ಜೀಪೊಂದು ಅವರಲ್ಲಿ ಒಬ್ಬಳನ್ನು ಸವರಿಕೊಂಡು ಹೋಯಿತು. ಹುಡುಗಿಯ ಮೊಣಕೈ ಮುರಿಯಿತು. ಆಸ್ಪತ್ರೆಯಿಂದ ವಾಪಸ್ಸು ಬರುವಾಗಲೇ ತೀರ್ಮಾನಿಸಿದೆ, ಈ ಕ್ಯಾಂಪಸ್ಸಿಗೆ ಮೈದಾನ ಮಾಡಿಸದೆ ಬಿಡುವುದಿಲ್ಲ ಎಂದು.

ಹಾಸ್ಟೆಲ್ಲಿನ ಹಿಂದೆ ಒಂದು ಕಾಡಿನ ತುಂಡು ಇತ್ತು. ಅದರ ನಡುವೆ ಸಮತಟ್ಟು ಜಾಗ. ಎಂಜಿನಿಯರು ಅಲ್ಲೇ ನಕ್ಷೆ ಹಾಕಿಕೊಟ್ಟರು. ಮರ ಕಡಿದರೆ ಮುಗಿಯಿತು, ಮಣ್ಣು ಎತ್ತುವ ಖರ್ಚೂ ಇಲ್ಲ ಎಂದರು. ನಾನು ಖುಷಿಯಿಂದ ಆ ನಕ್ಷೆಯನ್ನು ಕ್ಯಾಂಪಸ್ ಸಮಿತಿಗೆ ಕಳಿಸಿದೆ.

ಸಮಿತಿಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಒಬ್ಬರಿದ್ದರು. ಕಳಸ ಕಡೆಯವರು. ಗಿಡ್ಡ ಆಳು, ಮೆಲುದನಿ, ಸೀರೆಯ ಕೆಳಗೆ ಯಾವಾಗಲೂ ಗಂಬೂಟು. ಎಷ್ಟೋ ವರ್ಷಗಳಿಂದ ಆ ಕಾಡನ್ನು ಕಾಯುತ್ತಿದ್ದವರು ಅವರೇ. ಹಾಸ್ಟೆಲ್ಲಿನವರು ಅಲ್ಲಿ ಕಸ ಸುರಿಯುವುದನ್ನು ಜಗಳವಾಡಿ ನಿಲ್ಲಿಸಿದ್ದರು. ಶನಿವಾರ ಬಂತೆಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಲಂಟಾನ ಕಳೆ ಕೀಳಲು ಹೊರಡುತ್ತಿದ್ದರು. ಎಲ್ಲರ ಬಾಯಲ್ಲಿ ಅವರು 'ಕಾಡು ಮೇಡಂ'.

ನಕ್ಷೆ ತಲುಪಿದ ಮರುದಿನ ಅವರು ನನ್ನ ಕೋಣೆಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದುಕೊಂಡು ನಾನೂ ಸಿದ್ಧನಾದೆ.

"ಆ ಹುಡುಗಿ ಕೈ ಈಗ ಹೇಗುಂಟು ಸರ್?" ಎಂದು ಕೇಳಿದರು.

"ಪ್ಲಾಸ್ಟರ್ ಹಾಕಿದಾರೆ ಮೇಡಂ. ಈ ವರ್ಷ ಓಡೋ ಹಂಗಿಲ್ಲ."

"ಗ್ರೌಂಡ್ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಲ್ಲಿ ಬೇಡ."

"ಅಲ್ಲಿ ಬೇಡ ಅನ್ನೋರು ಎಲ್ಲಿ ಬೇಕು ಅಂತ ಹೇಳಲ್ಲ."

"ನಾನು ಹೇಳ್ತೇನೆ. ಬೇಸಿಗೆ ಹಿಡಿಯುವವರೆಗೆ ಟೈಮ್ ಕೊಡಿ. ಬೇರೆ ಕಡೆ ಗ್ರೌಂಡ್ ಆಗುದಿಲ್ಲ ಅಂತಾದ್ರೆ ನಿಮ್ಮ ನಕ್ಷೆಗೆ ನಾನೇ ಸಹಿ ಹಾಕ್ತೇನೆ. ಆದ್ರೆ ಮೊದಲು ನೀವೊಂದು ಸಲ ಅದರೊಳಗೆ ಬನ್ನಿ."

ಅಷ್ಟು ದಿನ ನಾನು ಆ ಕಾಡಿನೊಳಗೆ ಕಾಲಿಟ್ಟಿರಲಿಲ್ಲ. ನಕ್ಷೆಯಲ್ಲಿ ಸಮತಟ್ಟು ಎಂದು ಕಂಡದ್ದು ಜೌಗು ನೆಲ. ನೆಲದಡಿಯಿಂದ ನೀರು ಜಿನುಗಿ, ಬೇರುಗಳ ಸಂದಿಯಲ್ಲಿ ಸೇರಿಕೊಂಡು, ಸಣ್ಣ ಹಳ್ಳವಾಗಿ ಕೆಳಗಿಳಿಯುತ್ತಿತ್ತು. ಹಾಸ್ಟೆಲ್ಲಿನ ಬಾವಿ ಬೇಸಿಗೆಯಲ್ಲೂ ಬತ್ತದಿರುವುದು ಇದರಿಂದಲೇ ಎಂದು ಮೇಡಂ ತೋರಿಸಿದರು. ತಲೆಯ ಮೇಲೆ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬಡಿದ ಸದ್ದಿಗೆ ನಾನು ಬೆಚ್ಚಿಬಿದ್ದೆ. ಕಾಡು ನೋಡಿ ಮನಸ್ಸು ಕರಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ಕೀಳುತ್ತಲೇ, ಇಲ್ಲಿ ನೂರು ಮೀಟರ್ ಓಟ ಆರಾಮಾಗಿ ನಡೆಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆದರೂ ಬಾವಿಯ ವಿಚಾರ ತಲೆಯಲ್ಲಿ ಉಳಿಯಿತು. ಮೇಡಂ ಕೇಳಿದ ಸಮಯ ಕೊಟ್ಟೆ.

ನಾವಿಬ್ಬರೂ ಕ್ಯಾಂಪಸ್ಸನ್ನು ಮೂಲೆಮೂಲೆ ತಿರುಗಿದೆವು. ಕೊನೆಗೆ ಒಪ್ಪಿದ್ದು ಪೂರ್ವದ ಇಳಿಜಾರನ್ನು. ಯಾವ ಕಾಲದಲ್ಲೋ ನೆಟ್ಟ ಅಕೇಶಿಯಾ ಬಿಟ್ಟರೆ ಅಲ್ಲಿ ಬೇರೇನೂ ಬೆಳೆದಿರಲಿಲ್ಲ. ಎಂಜಿನಿಯರು ಅಡ್ಡ ತಲೆಯಾಡಿಸಿಬಿಟ್ಟರು. ಮೇಲಿನ ಮಣ್ಣು ಕಡಿದು ಕೆಳಗೆ ತುಂಬಬೇಕು, ಅಷ್ಟಕ್ಕೆಲ್ಲ ಅನುದಾನವಿಲ್ಲ ಎಂದರು. ಮರ ತೆಗೆಯುವ ಅನುಮತಿಗೆ ಮೇಡಂ ಚಿಕ್ಕಮಗಳೂರಿಗೆ ಎಷ್ಟು ಸಲ ಬಸ್ಸು ಹತ್ತಿದರೋ, ಅವರಿಗೇ ಗೊತ್ತು. ಅನುಮತಿ ಸಿಕ್ಕಿದ ಮೇಲೆ ಮಣ್ಣಿನ ಕೆಲಸಕ್ಕಾಗಿ ನನ್ನನ್ನು ಬಾಳೂರಿನ ಒಬ್ಬ ಪ್ಲಾಂಟರ ಎಸ್ಟೇಟಿಗೆ ಕರೆದುಕೊಂಡು ಹೋದರು.

ಆ ಹಿರಿಯರು ಕಣದಲ್ಲಿ ಒಣಗುತ್ತಿದ್ದ ಕಾಫಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಡಂ ಬಳಸು ಮಾತಿಲ್ಲದೆ ಕೇಳಿದರು: "ನಿಮ್ಮ ಜೆಸಿಬಿ ಬೇಕಿತ್ತು. ಮಳೆ ಹಿಡಿಯುವ ಮೊದಲು."

"ಎಂತಕ್ಕೆ ಮೇಡಂ?"

"ಕಾಡು ಉಳಿಸಲಿಕ್ಕೆ."

ಅವರು ಜೋರಾಗಿ ನಕ್ಕರು. "ಕಾಡು ಉಳಿಸೋಕೆ ಜೆಸಿಬಿ ಕೇಳೋರನ್ನ ನಾನು ಇವತ್ತೇ ನೋಡಿದ್ದು ಮಾರಾಯ್ರೆ!" ಪೂರ್ತಿ ಕೇಳಿಸಿಕೊಂಡ ಮೇಲೆ ನಗು ನಿಂತಿತು. "ಆಯ್ತು, ಕೊಯ್ಲು ಮುಗೀಲಿ, ಕಳಿಸ್ತೀನಿ. ಡ್ರೈವರೂ ಬರ್ತಾನೆ. ಒಂದೇ ಮಾತು. ನಮ್ಮ ಕೆಲಸದೋರ ಲೈನ್ ಮನೆ ಮಕ್ಕಳಿಗೂ ಭಾನುವಾರ ಅಲ್ಲಿ ಆಡಕ್ಕೆ ಬಿಡಬೇಕು."

"ಬರಲಿ. ನಾನೇ ಗೇಟು ತೆಗೆಸ್ತೇನೆ" ಎಂದರು ಮೇಡಂ.

ಆ ಬೇಸಿಗೆ ನಾನು ಊರಿಗೆ ಹೋಗಲಿಲ್ಲ. ಇಳಿಜಾರು ಕಣ್ಣೆದುರೇ ಬಯಲಾಯಿತು. ಮೇ ತಿಂಗಳ ಕೊನೆಗೆ ಸುಣ್ಣದಲ್ಲಿ ಗೆರೆ ಎಳೆದು, ಅದರ ಮೇಲೆ ಒಬ್ಬನೇ ಒಂದು ಸುತ್ತು ಓಡಿ, ಏದುಸಿರು ಬಿಡುತ್ತಾ ಕೂತೆ.

ಜುಲೈ ಮಳೆಗೆ ಮೈದಾನದ ಹೊರ ಅಂಚು ಕುಸಿಯಿತು. ಮಣ್ಣೆಲ್ಲ ಜಾರಿ ಹಾಸ್ಟೆಲ್ ರಸ್ತೆಯ ಮೇಲೆ ಬಂದು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಮೇಡಂ ಕಂಬಳಿ ಕೊಪ್ಪೆ ಹೊದ್ದು, ಗುದ್ದಲಿ ಹಿಡಿದು, ನೀರಿಗೆ ದಾರಿ ಮಾಡಿಕೊಡುತ್ತಾ ನಿಂತಿದ್ದರು. ನನ್ನನ್ನು ನೋಡಿ ಹೇಳಿದ್ದು ಇಷ್ಟೇ: "ಆ ಕಡೆಯಿಂದ ಕಡಿಯಿರಿ ಸರ್." ಹಾಸ್ಟೆಲ್ಲಿನ ಹುಡುಗರು, ಹುಡುಗಿಯರು ಬುಟ್ಟಿ ತಂದು ಸೇರಿಕೊಂಡರು. ಮೊಣಕೈ ವಾಸಿಯಾದ ನಮ್ಮ ಓಟಗಾರ್ತಿಯೂ ಅವರಲ್ಲಿದ್ದಳು.

ಆ ವಾರವೇ ಸಮಿತಿಯ ಸಭೆ ನಡೆಯಿತು. ಅಧ್ಯಕ್ಷರಿಗೆ ಸಿಟ್ಟು ಬಂದಿತ್ತು. "ಸಾಕು ಈ ಪ್ರಯೋಗ. ಹಳೇ ನಕ್ಷೆ ತನ್ನಿ" ಎಂದರು.

ಮೇಡಂ ಎದ್ದು ನಿಂತರು. "ಕುಸಿದದ್ದು ಹೌದು. ನೀರು ಹೋಗಲಿಕ್ಕೆ ಸರಿಯಾಗಿ ಕಾಲುವೆ ಬಿಡಲಿಲ್ಲ, ಅದು ನಮ್ಮ ತಪ್ಪು. ಸರಿ ಮಾಡ್ಲಿಕ್ಕೆ ಆಗ್ತದೆ. ಆದ್ರೆ ಈ ಆಟದ ಸರ್‌ಗೆ ನಾನು ಮಾತು ಕೊಟ್ಟಿದ್ದೆ. ಈ ಗ್ರೌಂಡ್ ಆಗುದಿಲ್ಲ ಅಂತ ಅವರು ಹೇಳಿದ್ರೆ ಇವತ್ತೇ ಸಹಿ ಹಾಕ್ತೇನೆ." ಹೇಳಿ ಪೆನ್ನು ಕೈಗೆ ತೆಗೆದುಕೊಂಡರು. ಆ ಕೈಯಲ್ಲಿ ಗುದ್ದಲಿ ಹಿಡಿದ ಬೊಬ್ಬೆಗಳು ಇನ್ನೂ ಮಾಯ್ದಿರಲಿಲ್ಲ.

ಎಲ್ಲರೂ ನನ್ನತ್ತ ತಿರುಗಿದರು. ಆಗುವುದಿಲ್ಲ ಎಂದಿದ್ದರೆ ಮುಂದಿನ ಬೇಸಿಗೆಗೆ ಕಾಡಿನ ಜಾಗದಲ್ಲಿ ನನಗೆ ಪೂರ್ತಿ ಅಳತೆಯ ಮೈದಾನ ಸಿಗುತ್ತಿತ್ತು. ನನಗೆ ನೆನಪಾದದ್ದು ಹಾಸ್ಟೆಲ್ಲಿನ ಬಾವಿ, ಮಳೆಯಲ್ಲಿ ಬುಟ್ಟಿ ಹೊತ್ತ ಮಕ್ಕಳು. ಜೊತೆಗೆ, ನಾನೇ ಬೆವರು ಸುರಿಸಿ ಮಾಡಿದ್ದನ್ನು ಒಂದು ಮಳೆಗೆ ಹೆದರಿ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

"ಆಗುತ್ತೆ ಸರ್. ಅಂಚು ಮಾತ್ರ ಹೋಗಿರೋದು, ಗ್ರೌಂಡ್ ಹಂಗೇ ಇದೆ. ಇನ್ನೊಂದು ಮಳೆಗಾಲ ನೋಡಿ" ಎಂದೆ.

ಮೇಡಂ ಪೆನ್ನು ಚೀಲಕ್ಕೆ ಹಾಕಿಕೊಂಡರು. ಸಭೆ ಮುಗಿದು ಹೊರಗೆ ಬಂದ ಮೇಲೂ ಧನ್ಯವಾದ ಗಿನ್ಯವಾದ ಹೇಳಲಿಲ್ಲ. "ಕಲ್ಲು ಎಲ್ಲಿ ಸಿಗ್ತದೆ ಸರ್?" ಎಂದು ಕೇಳಿದರು.

ಮಳೆ ಕಳೆದ ಮೇಲೆ ಅಂಚಿಗೆ ಕಲ್ಲು ಕಟ್ಟಿಸಿದೆವು. ಮೂರು ಕಡೆ ಕಾಲುವೆ ತೋಡಿ, ಮಣ್ಣು ಹಿಡಿದುಕೊಳ್ಳಲೆಂದು ಇಳಿಜಾರಿನ ಉದ್ದಕ್ಕೂ ಲಾವಂಚದ ಹುಲ್ಲು ನೆಟ್ಟೆವು. ಮರುವರ್ಷದ ಮಳೆ ಹಿಂದಿನದಕ್ಕಿಂತ ಜೋರಾಗಿತ್ತು. ನಾನು ದಿನಾ ಬೆಳಿಗ್ಗೆ ಎದ್ದವನೇ ಛತ್ರಿ ಹಿಡಿದು ಹೋಗಿ ನೋಡುತ್ತಿದ್ದೆ. ಒಂದು ಕಲ್ಲೂ ಅಲುಗಲಿಲ್ಲ. ಆ ವರ್ಷವೇ ವಿಶ್ವವಿದ್ಯಾಲಯ ಹಾಸ್ಟೆಲ್ ಹಿಂದಿನ ಕಾಡನ್ನು ಪಾಠಕ್ಕೂ ಅಧ್ಯಯನಕ್ಕೂ ಮೀಸಲಿಟ್ಟು, ಅಲ್ಲಿ ಕಟ್ಟಡ ಕೂಡದೆಂದು ನಿರ್ಣಯ ಮಾಡಿತು. ಅದನ್ನು ಮಂಡಿಸಿದವರು ಮೇಡಂ, ಅನುಮೋದಿಸಿದವನು ನಾನು. ಮೈದಾನ ಮಾತ್ರ ಅಳತೆಗೆ ಚಿಕ್ಕದಾಯಿತು. ನಾನೂರು ಮೀಟರ್ ಓಡಬೇಕೆಂದರೆ ನಮ್ಮ ಮಕ್ಕಳು ಎರಡು ಸುತ್ತು ಹಾಕಬೇಕು. ಅದರ ಬಗ್ಗೆ ನಾನು ಇವತ್ತಿಗೂ ಗೊಣಗುತ್ತೇನೆ.

ಹೋದ ವರ್ಷ ಮೇಡಂ ನಿವೃತ್ತರಾದರು. ಸಭಾಂಗಣ ಬೇಡ, ಬೀಳ್ಕೊಡುಗೆ ಕಾಡಿನಲ್ಲೇ ಆಗಲಿ ಎಂದು ಹಟ ಹಿಡಿದರು. ಕುಲಪತಿಗಳು ಬಂದು ಶಾಲು ಹೊದಿಸಿದರು. ಅವರ ಭಾಷಣ ನಡೆಯುತ್ತಿದ್ದಂತೆ ಮೇಡಂ ಮೆಲ್ಲಗೆ ಎದ್ದು ಹಳ್ಳದ ಕಡೆ ಹೋದರು. ಮೇಲಿನ ಗುಡ್ಡದಲ್ಲಿ ಹೊಸದಾಗಿ ಶುರುವಾಗಿದ್ದ ಹೋಂಸ್ಟೇ ಕಡೆಯಿಂದ ಪ್ಲಾಸ್ಟಿಕ್ ಬಾಟಲಿಗಳು ತೇಲಿ ಬಂದು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗಿಳಿದರು. ವಿದ್ಯಾರ್ಥಿಗಳು ಹಿಂದೆಯೇ ಇಳಿದರು. ಕುಲಪತಿಗಳೂ ಭಾಷಣ ಅಷ್ಟಕ್ಕೇ ನಿಲ್ಲಿಸಿ, ಬೂಟು ಬಿಚ್ಚಿಟ್ಟು ಬಂದರು.

ಚೀಲ ತುಂಬಿದ ಮೇಲೆ ಮೇಡಂ ನನ್ನ ಹತ್ತಿರ ಬಂದರು.

"ನಾಳೆ ಆ ಹೋಂಸ್ಟೇಯವರ ಹತ್ರ ಮಾತಾಡಬೇಕು. ಬೆಳಿಗ್ಗೆ ಬೈಕ್ ತರ್ತೀರಾ ಸರ್?"

"ನಾಳೆಯಿಂದ ನೀವು ರಿಟೈರ್ಡ್ ಮೇಡಂ."

"ಅದಕ್ಕೇ ಬೆಳಿಗ್ಗೆಯೇ ಹೋಗುವ. ಕ್ಲಾಸ್ ಇಲ್ವಲ್ಲ ನಂಗೆ."

ಬೈಕಿಗೆ ಪೆಟ್ರೋಲ್ ಹಾಕಿಸಲು ಅವತ್ತು ಸಂಜೆಯೇ ಬಣಕಲ್‌ಗೆ ಹೋಗಿಬಂದೆ.