ಬಾಗಿಲ ಮೇಲಿನ ಒರಟು ಕಲ್ಲು

ಅರಬ್ ನಾಡಿನ ಸಲ್ತ್ ಪಟ್ಟಣದ ಬೆಟ್ಟಕ್ಕೆ ಬಿಸಿಲು ತಗಲುವ ಮೊದಲೇ ಹುಸ್ನಿಯ್ಯಾ ಗಾರೆ ಕಲಸಿ ಮುಗಿಸಿರುತ್ತಾರೆ. ಹಳದಿ ಕಲ್ಲಿನ ಹಳೆಯ ಮನೆಯೊಂದರ ಮುಂಗೋಡೆ ಬಿರುಕು ಬಿಟ್ಟಿದೆ. ಅದನ್ನು ಬಿಚ್ಚಿ ಮತ್ತೆ ಕಟ್ಟುವ ಗುತ್ತಿಗೆ ಅವರದು. ಕಪ್ಪು ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಸಾರುವೆ ಹತ್ತುವ ಈ ಅರವತ್ತರ ಹೆಂಗಸನ್ನು ಕೆಲಸಗಾರರು ಹಿರಿಯ ಮಗನ ಹೆಸರು ಹಿಡಿದು ಉಮ್ಮ್ ರಾಕಾನ್, ಅಂದರೆ ರಾಕಾನನ ತಾಯಿ, ಎನ್ನುತ್ತಾರೆ.

"ಉಮ್ಮ್ ರಾಕಾನ್, ಚಹಾ ಆರ್ತಿದೆ, ಇಳೀರಿ," ಎಂದು ಮೇಸ್ತ್ರಿ ಅದೀಬ್ ಕೆಳಗಿನಿಂದ ಕರೆಯುತ್ತಾನೆ.

"ಗಾರೆ ಗಟ್ಟಿಯಾದ್ರೆ ನಿನ್ನ ಚಹಾ ಹಾಕಿ ಕಲಸ್ಲಾ?" ಎಂಬ ಉತ್ತರ ಮೇಲಿನಿಂದ ಬೀಳುತ್ತದೆ.

ಈ ಉದ್ಯಮಕ್ಕೆ ಈಗ ನಾಲ್ಕು ವರ್ಷ. ಆರು ಜನ ಕೆಲಸಗಾರರಿದ್ದಾರೆ. ಆದರೆ ಇದು ಹುಸ್ನಿಯ್ಯಾ ಅವರ ಯೌವನದಲ್ಲೇ ಶುರುವಾಗಬೇಕಿತ್ತು.

ಗಂಡ ಮಿಫ್ಲಿಹ್ ಊರಿಗೇ ಹೆಸರಾಗಿದ್ದ ಕಲ್ಲುಕುಟಿಗ. ಬೇರೆಯವರ ಕೈಕೆಳಗೆ ದುಡಿದದ್ದು ಸಾಕು, ನಾವೇ ಗುತ್ತಿಗೆ ಹಿಡಿಯೋಣ, ನಿನ್ನ ಮದುವೆಯ ಬಳೆಗಳನ್ನು ಮಾರೋಣ ಎಂದು ಒಂದು ಸಂಜೆ ಕೇಳಿದರು. ಬರಿಗೈಯಲ್ಲಿ ತವರಿಗೆ ಹೇಗೆ ಹೋಗಲಿ ಎಂದರು ಹುಸ್ನಿಯ್ಯಾ. ಮಿಫ್ಲಿಹ್ ಎರಡನೇ ಸಲ ಕೇಳಲಿಲ್ಲ. ಕೊಲ್ಲಿ ನಾಡಿಗೆ ಹೋಗಿ ಯಾರದೋ ಬಂಗಲೆಗಳಿಗೆ ಯಂತ್ರದಲ್ಲಿ ಕಲ್ಲು ಕೊಯ್ದರು. ರಜೆಗೆ ಬಂದಾಗಲೆಲ್ಲ ಗಂಡ ಹೆಂಡತಿ ಸೇರಿ ತಮ್ಮ ಮನೆಗೆ ಒಂದೊಂದೇ ಕೋಣೆ ಕಟ್ಟಿದರು. ಹುಸ್ನಿಯ್ಯಾ ಕೆಲಸ ಕಲಿತದ್ದು ಹಾಗೆ. ಕೊನೆಗೆ ಮಿಫ್ಲಿಹ್ ಊರಿಗೆ ಮರಳಿದಾಗ ಶ್ವಾಸಕೋಶದ ತುಂಬ ಕಲ್ಲಿನ ದೂಳಿತ್ತು.

ಆಗ ಬಳೆಗಳು ಮಾರಾಟವಾದವು. "ಔಷಧಿಗೆ ಅಂದ್ಕೊಂಡ್ರು ಎಲ್ಲ. ಔಷಧಿ ರಾಕಾನ್ ನೋಡ್ಕೋತಿದ್ದ. ನಾನು ಸಾರುವೆ ಕೊಂಡೆ," ಎಂದು ಹುಸ್ನಿಯ್ಯಾ ತಮ್ಮ ಕಥೆ ಕೇಳಲು ಬಂದ ನನಗೆ ಹೇಳುತ್ತಾರೆ. ಮುದುಕಿಗೆ ಇದೆಂಥ ಹುಚ್ಚು ಎಂದು ತವರಿನವರು ನಕ್ಕರು. ಮಿಫ್ಲಿಹ್ ನಗಲಿಲ್ಲ. ತಮ್ಮ ಉಳಿಗಳಿಗೆಲ್ಲ ಎಣ್ಣೆ ಹಚ್ಚಿ ಕೊಟ್ಟರು.

"ಅವತ್ತು ನಾನು ಬಳೆ ಕೊಡ್ಲಿಲ್ಲ ಅನ್ನೋ ಮಾತನ್ನ ಅವರು ಒಂದಿನಾನೂ ಎತ್ತಲಿಲ್ಲ. ಒಂದ್ಸಲ ಬೈದಿದ್ರೆ ನಂಗೆ ಹಗುರ ಆಗ್ತಿತ್ತು," ಎನ್ನುತ್ತ ಹುಸ್ನಿಯ್ಯಾ ಕೈಗಂಟಿದ ಗಾರೆ ಉಜ್ಜುತ್ತಾರೆ.

ಬೆಟ್ಟದ ಊರಿನ ಮೆಟ್ಟಿಲು ಹತ್ತುವಷ್ಟು ಉಸಿರು ಮಿಫ್ಲಿಹ್‌ಗೆ ಉಳಿದಿಲ್ಲ. ಹೋದ ವಸಂತದಲ್ಲಿ ಕೆಳಗಿನ ಪೇಟೆಯಲ್ಲಿ, ರಸ್ತೆಗೆ ಹೊಂದಿಕೊಂಡೇ ಒಂದು ಮನೆಯ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಮಿಫ್ಲಿಹ್ ಶುಭ್ರ ಅಂಗಿ ತೊಟ್ಟು ಅಲ್ಲಿಗೆ ಬಂದು ಕುರ್ಚಿಯಲ್ಲಿ ಕೂತರು. "ಏನು ಯಜಮಾನ್ತಿ, ನಂಗೇನಾದ್ರೂ ಕೆಲಸ ಇದ್ಯಾ?" ಎಂದು ಕೇಳಿದರು. ಹುಸ್ನಿಯ್ಯಾ ಬಾಗಿಲ ನೆತ್ತಿಯ ಕಲ್ಲನ್ನು ಅವರ ಮುಂದೆ ಇರಿಸಿದರು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಿಫ್ಲಿಹ್ ಒಂದು ಮಗ್ಗುಲನ್ನು ನುಣ್ಣಗೆ ಕೆತ್ತಿದರು. ಇನ್ನೊಂದು ಮಗ್ಗುಲಿಗೆ ಬರುವಷ್ಟರಲ್ಲಿ ಕೆಮ್ಮು ಹತ್ತಿತು, ಉಳಿ ಜಾರಿತು. ಅದೀಬ್ ಅವರನ್ನು ಎತ್ತಿಕೊಂಡೇ ಮನೆ ಮುಟ್ಟಿಸಿದ. ಮತ್ತೆ ಅವರು ಹಾಸಿಗೆ ಬಿಟ್ಟು ದೂರ ಹೋಗಿಲ್ಲ.

ಉಳಿದರ್ಧವನ್ನು ತಾನು ಕೆತ್ತುತ್ತೇನೆಂದ ಅದೀಬ್. ಹುಸ್ನಿಯ್ಯಾ ಬಿಡಲಿಲ್ಲ, ಕಲ್ಲನ್ನು ಇದ್ದ ಹಾಗೇ ಬಾಗಿಲ ಮೇಲೆ ಕೂರಿಸಿದರು. ಅರ್ಧ ಒರಟಾದ ಕಲ್ಲು ಮನೆಗೆ ಶೋಭೆಯಲ್ಲ ಎಂದು ಮನೆಯೊಡತಿ ತಕರಾರು ತೆಗೆದರು. ಆ ಕಲ್ಲು ಇಳಿಸುವುದಾದರೆ ಇಡೀ ಗೋಡೆ ಇಳಿಸಿಕೊಂಡು ಹೋಗುತ್ತೇನೆ ಎಂದು ಹುಸ್ನಿಯ್ಯಾ ಹಟ ಹಿಡಿದು, ಕಾರಣವನ್ನೂ ಹೇಳಿದರು. ಕಲ್ಲು ಅಲ್ಲೇ ಉಳಿಯಿತು.

ಆ ಬಾಗಿಲ ಮುಂದೆ ನಿಂತಾಗ ಹುಸ್ನಿಯ್ಯಾ ನನಗೆ ಹೇಳಿದ್ದು ಇಷ್ಟೇ: "ಈ ಗೋಡೆಯೆಲ್ಲ ನಂದು, ಅದೊಂದು ಕಲ್ಲು ಮಾತ್ರ ಅವರದ್ದು. ತಿರುಗಾಮುರುಗಾ ಆಗಿರ್ಬೇಕಿತ್ತು."